ಶ್ರೀಮತಿ ಕೃಪಾಬಾಯಿ ಸತ್ಯನಾಥನ್ ಅವರ ಜೀವನ ಚರಿತ್ರೆ

ನಮ್ಮ ವಿದ್ಯಾರ್ಥಿನಿಯರಲ್ಲಿ ಕಥೆ ಕಾದಂಬರಿಗಳನ್ನು ಓದದವರು ವಿರಳ. ಓದಿದ ಬಳಿಕ ತಾವೂ ಒಂದನ್ನು ಬರೆಯಬೇಕೆಂಬ ಆಸೆ ಕೆಲವರ ಮನಸ್ಸಿನಲ್ಲಾದರೂ ಮೂಡುವುದುಂಟು. ಕ್ರೈಸ್ತ ಮನೆತನದ ಬಾಲಕಿಯರಲ್ಲಿ ಈ ಆಸೆಯ ಜೊತೆಯಲ್ಲಿಯೇ ಒಂದು ಸಂದೇಹವೂ ಹುಟ್ಟುತ್ತದೆ. ಕಲ್ಪಿತವಾದ ಕಥೆಯನ್ನು ಬರೆಯುವುದು ಭಕ್ತಿಗೆ ಒಪ್ಪುವ ಕೆಲಸವೇ? ಬರೆದಲ್ಲಿ ಅದರ ಕೊನೆಗೆ ಧರ್ಮೋಪದೇಶವೊಂದು ಇರಲೇಬೇಕೇ? ಅನ್ಯಮತದವರನ್ನು ಚಿತ್ರಿಸುವಾಗ ಅವರ ಕುಂದುಗಳನ್ನು ಮಾತ್ರ ತೋರಿಸಬೇಕೇ? ಇಂತಹ ಪ್ರಶ್ನೆಗಳಿಗೆ ತರ್ಕದಿಂದ ಸಮಾಧಾನ ಹೇಳುವುದಕ್ಕಿಂತ, ತಮ್ಮ ಬಾಳಿನಿಂದಲೂ ಬರವಣಿಗೆಯಿಂದಲೂ ಉತ್ತರವನ್ನಿತ್ತ ಒಬ್ಬ ಮಹಿಳೆಯ ಚರಿತ್ರೆಯನ್ನು ಹೇಳುವುದು ಲೇಸೆಂದು ನಾವು ಎಣಿಸಿದ್ದೇವೆ. ಅವರೇ ಶ್ರೀಮತಿ ಕೃಪಾಬಾಯಿ ಸತ್ಯನಾಥನ್. ಇಂಗ್ಲಿಷು ಭಾಷೆಯಲ್ಲಿ ಕಾದಂಬರಿ ಬರೆದ ಭಾರತೀಯ ಸ್ತ್ರೀಯರ ಮೊದಲ ಪಂಕ್ತಿಯಲ್ಲಿ ಅವರ ಸ್ಥಾನವಿದೆ.

ಕೃಪಾಬಾಯಿಯವರು 1862ನೆಯ ಇಸವಿ ಫೆಬ್ರವರಿ 14ರಂದು ಅಂದಿನ ಬೊಂಬಾಯಿ ಪ್ರಾಂತದ ಅಹಮದ್‌ನಗರದಲ್ಲಿ ಜನಿಸಿದರು. ತಂದೆ ಹರಿಪಂತ ಖಿಸ್ತಿಯವರು, ತಾಯಿ ರಾಧಾಬಾಯಿಯವರು. ಮಹಾರಾಷ್ಟ್ರ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಹರಿಪಂತರು ಆ ಪ್ರಾಂತದಲ್ಲಿ ಕ್ರೈಸ್ತಮತವನ್ನು ಅವಲಂಬಿಸಿದ ಮೊದಮೊದಲ ಬ್ರಾಹ್ಮಣರಲ್ಲಿ ಒಬ್ಬರು. ಪತಿಯು ಹಿಡಿದ ಹೊಸ ದಾರಿ ಎಳೆಯ ಪತ್ನಿಗೆ ಸುಲಭವಾಗಿರಲಿಲ್ಲ. ತವರಿನ ಆಚಾರವನ್ನೂ ಬಂಧುಗಳನ್ನೂ ಬಿಡಬೇಕಾಗಿ ಬಂದ ಆಕೆಯ ಸಂಕಟವನ್ನೂ, ಬಲವಂತದಿಂದಲ್ಲದೆ ಕಾಲಕ್ರಮದಲ್ಲಿ ಮೆಲ್ಲನೆ ಆಕೆಯಲ್ಲಿ ಬೇರೂರಿದ ವಿಶ್ವಾಸವನ್ನೂ ಮಗಳು ಮುಂದೆ ತಮ್ಮ ಕಾದಂಬರಿಯ ಮೊದಲ ಭಾಗದಲ್ಲಿ ಬಹಳ ಆದರದಿಂದ ಚಿತ್ರಿಸಿದ್ದಾರೆ. ಹದಿನಾಲ್ಕು ಮಕ್ಕಳಲ್ಲಿ ಕೃಪಾಬಾಯಿಯವರು ಹದಿಮೂರನೆಯವರು. ಅವರು ಇನ್ನೂ ಚಿಕ್ಕವರಾಗಿರುವಾಗಲೇ ತಂದೆಯವರು ತೀರಿಕೊಂಡರು.

ತಂದೆಯಿಲ್ಲದ ಆ ಮನೆಯಲ್ಲಿ ಬಾಲಕಿಗೆ ಗುರುವಾದವರು ಹಿರಿಯಣ್ಣ ಭಾಸ್ಕರರು. ಹೆಣ್ಣುಮಕ್ಕಳಿಗೆ ಅಡಿಗೆ ಹೊಲಿಗೆಗಳಷ್ಟೇ ಸಾಕೆಂದು ಬಹುಮಂದಿ ನಂಬಿದ್ದ ಕಾಲದಲ್ಲಿ, ಪುಸ್ತಕಗಳ ಮೇಲೆ ಈ ತಂಗಿಗಿದ್ದ ಹಂಬಲವನ್ನು ಅವರು ಗುರುತಿಸಿದರು. ಆಕೆಯನ್ನು ಸಮಾನಳೆಂದು ಕಂಡು ಮಾತನಾಡಿಸಿದರು; ಬೆಟ್ಟಗುಡ್ಡಗಳಲ್ಲಿ ಸುತ್ತಾಡುವಾಗ ದೊಡ್ಡ ವಿಚಾರಗಳನ್ನು ತಿಳಿಯಹೇಳಿದರು. ಈ ಅಣ್ಣನೂ ಯೌವನದಲ್ಲಿಯೇ ಮೃತರಾದರು. ಆ ದುಃಖವು ಬಾಲಕಿಯನ್ನು ಅಲ್ಲಾಡಿಸಿತು. ಆದರೆ ಅಣ್ಣ ಬಿತ್ತಿದ ಬೀಜ ಒಣಗಲಿಲ್ಲ.

ಬಳಿಕ ಅವರನ್ನು ಮಿಷನರಿ ಮಹಿಳೆಯರ ಪೋಷಣೆಯಲ್ಲಿಯೂ, ಆಮೇಲೆ ಬೊಂಬಾಯಿಯ ಮಿಷನ್ ಶಾಲೆಯ ವಸತಿಗೃಹದಲ್ಲಿಯೂ ಇರಿಸಿ ಓದಿಸಲಾಯಿತು. ಕೃಪಾಬಾಯಿಯವರು ಮಿಷನಿನ ಉಪಕಾರವನ್ನು ಮರೆತವರಲ್ಲ. ಆದರೂ ದೇಶೀಯ ಕ್ರೈಸ್ತರನ್ನು ಕೀಳಾಗಿ ಕಾಣುತ್ತಿದ್ದ ಕೆಲವು ವಿದೇಶೀಯರ ನಡತೆ ತಮ್ಮ ಮನಸ್ಸನ್ನು ಎಷ್ಟು ನೋಯಿಸಿತೆಂಬುದನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಬರೆದರು. ಇದು ಕೃತಘ್ನತೆಯೆಂದು ನಾವು ತಿಳಿಯಬಾರದು. ಕ್ರಿಸ್ತನನ್ನು ನಂಬುವುದು ಬೇರೆ, ಕ್ರಿಸ್ತನ ಹೆಸರಿನಲ್ಲಿ ಬಂದವರೆಲ್ಲರ ಮುಂದೆ ತಲೆ ಬಾಗುವುದು ಬೇರೆ ಎಂಬ ವಿವೇಕ ಅವರಿಗೆ ಚಿಕ್ಕಂದಿನಲ್ಲಿಯೇ ಬಂದಿತು. ಮನೆಯಿಂದ ಬಳುವಳಿಯಾಗಿ ದೊರೆತ ಮತವು ಅವರ ಸ್ವಂತ ವಿಶ್ವಾಸವಾದುದು ಹೀಗೆ, ವಿಯೋಗದಿಂದಲೂ ವಿಚಾರದಿಂದಲೂ ಶೋಧಿತವಾದ ಮೇಲೆ ಎಂದು ನಾವು ಭಾವಿಸುತ್ತೇವೆ.

ಅವರ ಮೊದಲ ಆಸೆ ಕಾದಂಬರಿ ಬರೆಯುವುದಾಗಿರಲಿಲ್ಲ, ವೈದ್ಯಳಾಗುವುದಾಗಿತ್ತು. ಗಂಡಸು ವೈದ್ಯರಿಗೆ ಮೈ ತೋರಿಸಲು ನಾಚಿ ಎಷ್ಟೋ ಸ್ತ್ರೀಯರು ಔಷಧವಿಲ್ಲದೆ ಸಾಯುತ್ತಿದ್ದ ಕಾಲವದು. ಇಂಗ್ಲೆಂಡಿಗೆ ಹೋಗಿ ವೈದ್ಯವಿದ್ಯೆ ಕಲಿಯುವ ಅವಕಾಶ ಒದಗಿತಾದರೂ, ದೇಹಸ್ಥಿತಿ ಸಾಲದೆಂದು ಆ ಯೋಚನೆಯನ್ನು ಕೈಬಿಡಬೇಕಾಯಿತು. ಮದರಾಸಿನ ಮೆಡಿಕಲ್ ಕಾಲೇಜು 1875ರಲ್ಲಿಯೇ ಸ್ತ್ರೀಯರಿಗೆ ಬಾಗಿಲು ತೆರೆದಿತ್ತು. ಕೃಪಾಬಾಯಿಯವರು 1878ರಲ್ಲಿ ಅಲ್ಲಿ ಸೇರಿ, ಪಾದ್ರಿಗಳಾದ ಡಬ್ಲ್ಯು. ಟಿ. ಸತ್ಯನಾಥನ್ ಅವರ ಮನೆಯಲ್ಲಿ ವಾಸಮಾಡಿದರು. ಆ ಮನೆಯ ಯಜಮಾನಿ ಅನ್ನಾ ಸತ್ಯನಾಥನ್ ಅವರು ಮದರಾಸಿನಲ್ಲಿ ಹೆಣ್ಣುಮಕ್ಕಳ ಶಾಲೆಗಳಿಗಾಗಿ ದುಡಿದು ಹೆಸರಾದವರು. ಮೊದಲನೆಯ ವರ್ಷದ ಪರೀಕ್ಷೆಯಲ್ಲಿ ಕೃಪಾಬಾಯಿಯವರು ಬಹುಮಾನಗಳನ್ನು ಗಳಿಸಿದರು. ಆದರೆ ಅತಿಶ್ರಮದಿಂದ ಆರೋಗ್ಯ ಕುಸಿಯಿತು. ಓದನ್ನು ನಿಲ್ಲಿಸಿ ಪುಣೆಯಲ್ಲಿದ್ದ ಅಕ್ಕನ ಬಳಿಗೆ ಹೋಗಬೇಕಾಯಿತು.

ಹಾರೈಸಿದ ದಾರಿ ಹೀಗೆ ಎರಡು ಸಲ ಮುಚ್ಚಿಹೋದಾಗ ನಿರಾಶೆಯಲ್ಲಿ ಕುಳಿತವರು ಎಷ್ಟೋ ಮಂದಿ. ಕೃಪಾಬಾಯಿಯವರು ಕೈಗೆ ಎಟುಕಿದ ಕೆಲಸವನ್ನು ಹಿಡಿದರು. 1883ರಲ್ಲಿ ಸತ್ಯನಾಥನ್ ದಂಪತಿಗಳ ಪುತ್ರರೂ, ಕೇಂಬ್ರಿಜಿನಲ್ಲಿ ಓದಿ ಬಂದವರೂ ಆದ ಸಾಮುವೇಲ ಸತ್ಯನಾಥನ್ ಅವರೊಡನೆ ಅವರ ವಿವಾಹವಾಯಿತು. ಪತಿಯು ಉದಕಮಂಡಲದ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯರಾಗಿ ಹೋದಾಗ, ಪತ್ನಿಯು ಆ ಊರಿನ ಮುಸಲ್ಮಾನ ಬಾಲಕಿಯರಿಗಾಗಿ ಶಾಲೆಯೊಂದನ್ನು ಆರಂಭಿಸಿದರು. ಪತ್ರಿಕೆಗಳಿಗೆ ಲೇಖನ ಬರೆಯುವ ಅಭ್ಯಾಸವೂ ಅಲ್ಲಿಯೇ ಬೆಳೆಯಿತು. ತಮ್ಮ ಹೆಸರನ್ನು ಮುಂದಿಡದೆ, ಒಬ್ಬ ಭಾರತೀಯ ಮಹಿಳೆ ಎಂದಷ್ಟೇ ತಿಳಿಸಿ ಬರೆದರು. ನೀಲಗಿರಿಯ ತೋಡ ಜನರನ್ನು ಕುರಿತ ಲೇಖನವೂ, ಸ್ತ್ರೀವಿದ್ಯಾಭ್ಯಾಸವನ್ನು ಕುರಿತ ಲೇಖನವೂ ಅವರ ಬರಹಗಳಲ್ಲಿವೆ. ಕಣ್ಣಾರೆ ಕಂಡುದನ್ನು ಹೆಚ್ಚುಕಡಿಮೆ ಮಾಡದೆ ಹೇಳುವ ಕಲೆಯನ್ನು ಅವರು ಈ ಸಣ್ಣ ಬರಹಗಳಿಂದ ಸಾಧಿಸಿದರು. ಆಮೇಲೆ ರಾಜಮಹೇಂದ್ರಿ, ಕುಂಭಕೋಣಗಳಲ್ಲಿ ಇದ್ದು ದಂಪತಿಗಳು ಮದರಾಸಿನಲ್ಲಿ ನೆಲೆಸಿದರು.

ಅವರ ಮೊದಲನೆಯ ಕಾದಂಬರಿ ‘ಸಗುಣಾ’. ಅದು 1887–88ರಲ್ಲಿ ಮದರಾಸು ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಹೆಸರುಗಳನ್ನು ಬದಲಾಯಿಸಿ ತಮ್ಮ ಬಾಲ್ಯವನ್ನೂ ವಿದ್ಯಾಭ್ಯಾಸವನ್ನೂ ವಿವಾಹದವರೆಗಿನ ಬಾಳನ್ನೂ ಅವರು ಅದರಲ್ಲಿ ಕಥೆಯಾಗಿ ಹೆಣೆದಿದ್ದಾರೆ. ಎರಡನೆಯದು ‘ಕಮಲಾ’. ಇದು ಹಿಂದೂ ಬಾಲಕಿಯೊಬ್ಬಳ ಕಥೆ. ಬೆಟ್ಟದ ಏಕಾಂತದಲ್ಲಿ ಪಂಡಿತನಾದ ತಂದೆಯ ಬಳಿ ಬೆಳೆದ ಕಮಲೆ, ಶಾಸ್ತ್ರಿಗಳ ಮನೆಯ ಸೊಸೆಯಾಗಿ ಬಂದು ಅತ್ತೆ ನಾದಿನಿಯರ ಕಾಟವನ್ನೂ ಪತಿಯ ಔದಾಸೀನ್ಯವನ್ನೂ ಅನುಭವಿಸುತ್ತಾಳೆ. ಪತಿಯನ್ನೂ ಹಸುಗೂಸನ್ನೂ ಕಳೆದುಕೊಳ್ಳುತ್ತಾಳೆ. ಅವಳ ಮೇಲೆ ಪ್ರೀತಿಯಿಟ್ಟಿದ್ದ ರಾಮಚಂದ್ರನೆಂಬ ವೈದ್ಯನು ಪುನರ್ವಿವಾಹಕ್ಕೆ ಕೇಳಿದಾಗ ಒಪ್ಪದೆ, ತನ್ನ ಸಂಪತ್ತನ್ನೂ ಬಾಳನ್ನೂ ವಿಧವೆಯರ ಮತ್ತು ಅನಾಥರ ಸೇವೆಗೆ ಮುಡಿಪಾಗಿಡುತ್ತಾಳೆ.

ಈ ಕಥೆಯ ಮುಕ್ತಾಯದಲ್ಲಿ ಒಂದು ವಿಶೇಷವನ್ನು ನಮ್ಮ ವಾಚಕಿಯರು ಗಮನಿಸಬೇಕು. ಮತಾಂತರದ ಮನೆಯಲ್ಲಿ ಹುಟ್ಟಿ, ಮಿಷನಿನಲ್ಲಿ ಬೆಳೆದು, ಪಾದ್ರಿಗಳ ಸೊಸೆಯಾದ ಲೇಖಕಿಯು ತಮ್ಮ ಕಥಾನಾಯಕಿಗೆ ಕೊನೆಯ ಅಧ್ಯಾಯದಲ್ಲಿ ದೀಕ್ಷಾಸ್ನಾನ ಮಾಡಿಸಬಹುದಾಗಿತ್ತು. ಹಾಗೆ ಮಾಡಿದ್ದರೆ ಮೆಚ್ಚುವವರೂ ಇದ್ದರು. ಅವರು ಮಾಡಲಿಲ್ಲ. ಕಮಲೆ ಹಿಂದುವಾಗಿಯೇ ಬದುಕಿ, ಹಿಂದುವಾಗಿಯೇ ಪುಣ್ಯವಂತೆಯಾಗುತ್ತಾಳೆ. ಅವಳನ್ನು ಬಿಗಿದ ರೂಢಿಗಳ ಕ್ರೌರ್ಯವನ್ನು ಲೇಖಕಿ ಮುಚ್ಚಿಟ್ಟಿಲ್ಲ. ಪುನರ್ವಿವಾಹಕ್ಕೆ ಅವಳು ಒಪ್ಪದಂತೆ ತಡೆದುದೂ ಆ ರೂಢಿಯೇ ಎಂದು ತಿಳಿಸುತ್ತಾರೆ. ಹಾಗೆಂದು ಆ ಮನೆಗಳ ಸೌಜನ್ಯವನ್ನೂ ಮರೆಸಿಲ್ಲ. ಸಗುಣೆಯ ಕಥೆಯಲ್ಲಿ ಕ್ರೈಸ್ತರ ಕುಂದನ್ನು ಹೇಳಿದ ಲೇಖನಿಯೇ ಕಮಲೆಯ ಕಥೆಯಲ್ಲಿ ಹಿಂದೂಗಳ ಗುಣವನ್ನು ಹೇಳಿತು. ನೆರೆಯವರ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದೆಂಬ ದೇವರಾಜ್ಞೆಯು ಕಾದಂಬರಿಕಾರರಿಗೂ ಸಲ್ಲುತ್ತದೆಂಬುದನ್ನು ಅವರು ಆಚರಿಸಿ ತೋರಿಸಿದರು. ಅವರ ಕಲೆಯೂ ಭಕ್ತಿಯೂ ಒಂದಾದುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

‘ಕಮಲಾ’ ಸುಖದ ದಿನಗಳಲ್ಲಿ ಬರೆದ ಗ್ರಂಥವಲ್ಲ. ತಮ್ಮ ಒಂದೇ ಮಗುವನ್ನು ಶೈಶವದಲ್ಲಿ ಕಳೆದುಕೊಂಡ ಕೃಪಾಬಾಯಿಯವರಿಗೆ ಕ್ಷಯರೋಗವೂ ಅಂಟಿತ್ತು. ಬಲ ಕುಂದುತ್ತಿದ್ದ ಕೈಯಿಂದ ಅವರು ಆ ಕಥೆಯನ್ನು ಮುಗಿಸಿದರು. ಅದು ಪುಸ್ತಕವಾಗಿ ಬಂದ 1894ನೆಯ ಇಸವಿಯಲ್ಲಿಯೇ, ಆಗಸ್ಟ್ 3ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ ಪರಲೋಕವನ್ನು ಸೇರಿದರು. ‘ಸಗುಣಾ’ ಪುಸ್ತಕರೂಪದಲ್ಲಿ ಪ್ರಕಟವಾದುದು ಮರುವರ್ಷ. ಲೇಖನಿ ನಡೆದ ಭಾಷೆ ಇಂಗ್ಲಿಷು. ಅವರು ಚಿತ್ರಿಸಿದ ಅತ್ತೆಸೊಸೆಯರಲ್ಲಿ ಹೆಚ್ಚಿನವರು ಅದನ್ನು ಓದಲಾರದವರು. ಆ ಕೊರತೆಯನ್ನು ತಮಿಳು ಅನುವಾದಗಳು ಕೊಂಚಮಟ್ಟಿಗೆ ನೀಗಿದವು. ಬಹುಕಾಲ ಮರೆತುಹೋಗಿದ್ದ ಈ ಎರಡು ಗ್ರಂಥಗಳನ್ನು 1998ರ ಸುಮಾರಿಗೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನವರು ಮತ್ತೆ ಅಚ್ಚುಮಾಡಿದುದು ಸಂತೋಷದ ವಿಷಯ.

ಕೃಪಾಬಾಯಿಯವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1898ರಲ್ಲಿ, ಪ್ಲೇಗು ಹಾವಳಿಯ ಸಮಯದಲ್ಲಿ ನಮ್ಮ ಬಸವನಗುಡಿ ಬಡಾವಣೆ ರೂಪುಗೊಂಡಿತು. ಅದರ ಮರುವರ್ಷ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಗಿ, ಬಾಲವಿಧವೆಯೊಬ್ಬಳ ಕಥೆಯನ್ನು ಕನ್ನಡಿಗರ ಮುಂದಿಟ್ಟಿತು. 1913ರಲ್ಲಿ ನಂಜನಗೂಡು ತಿರುಮಲಾಂಬ ಅವರ ‘ಸುಶೀಲೆ’ ಬಂದಿತು. ಆ ಹೊತ್ತಿಗೆ ಕನ್ನಡದ ಸ್ತ್ರೀಯು ತನ್ನ ಮನೆಮಾತಿನಲ್ಲಿಯೇ ಕಾದಂಬರಿ ಬರೆಯುವ ದಿನ ಪ್ರಾಪ್ತವಾಗಿತ್ತು.

ನಮ್ಮ ತರಗತಿಗಳಲ್ಲಿ ಸಗುಣೆಯರೂ ಕಮಲೆಯರೂ ಒಂದೇ ಬೆಂಚಿನ ಮೇಲೆ ಕುಳಿತು ಓದುತ್ತಾರೆ. ಬುತ್ತಿಯನ್ನು ಹಂಚಿಕೊಂಡು ಉಣ್ಣುತ್ತಾರೆ. ಪ್ರಿಯ ಬಾಲಕಿಯರೇ, ನಿಮ್ಮಲ್ಲಿ ಯಾರಾದರೂ ಕಥೆ ಬರೆಯಹೊರಟರೆ, ಪಕ್ಕದಲ್ಲಿ ಕುಳಿತ ಗೆಳತಿಯ ಮನೆಯನ್ನು ಆಕೆಯೇ ಓದಿ ನಿಜವೆಂದು ಒಪ್ಪುವಂತೆ ಬರೆಯಿರಿ. ನಿಮ್ಮ ಮನೆಯ ಕುಂದನ್ನು ಬರೆಯಲು ಅಂಜಬೇಡಿರಿ. ಬೇಕೆಂದ ದಾರಿ ಮುಚ್ಚಿದಲ್ಲಿ ತೆರೆದ ದಾರಿಯನ್ನು ಹಿಡಿಯಿರಿ. ವೈದ್ಯಳಾಗಲಾರದೆ ಹೋದ ಒಬ್ಬ ಮಹಿಳೆ ಹನ್ನೊಂದು ವರ್ಷಗಳ ದಾಂಪತ್ಯದಲ್ಲಿ, ಅನಾರೋಗ್ಯದ ನಡುವೆ, ಶಾಲೆಯನ್ನೂ ಎರಡು ಕಾದಂಬರಿಗಳನ್ನೂ ಸಾಧಿಸಿದರು. ಆರೋಗ್ಯವೂ ಅವಕಾಶವೂ ಉಳ್ಳ ನಿಮ್ಮಿಂದ ಇನ್ನೂ ಹೆಚ್ಚನ್ನು ನಾವು ನಿರೀಕ್ಷಿಸುತ್ತೇವೆ.