ಚೆರಿ ಹಲಗೆಯ ಮೇಲೆ ಎಲ್ಲೋರಾ

ನಮ್ಮ ಕನ್ನಡ ಕೂಟದ ಮಕ್ಕಳಿಗೆ ಜಪಾನ್ ಹೊಸದಲ್ಲ. ಪೋಕೆಮಾನ್ ಹೆಸರುಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ, ಅನಿಮೆ ಹಾಕಿಕೊಟ್ಟರೆ ಊಟ ಮರೆಯುತ್ತಾರೆ. ರಾಷ್ಟ್ರಕೂಟರು ಯಾರು ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಮಕ್ಕಳನ್ನು ಜಪಾನಿನ ದಾರಿಯಲ್ಲೇ ರಾಷ್ಟ್ರಕೂಟರ ಬಾಗಿಲವರೆಗೆ ಕರೆದೊಯ್ಯಬಲ್ಲ ಕಲಾವಿದರೊಬ್ಬರಿದ್ದಾರೆ. ಅವರು ಹಿರೋಶಿ ಯೋಶಿದಾ.

ಹುಟ್ಟಿದ್ದು 1876ರಲ್ಲಿ, ಕ್ಯುಶು ದ್ವೀಪದ ಕುರುಮೆಯಲ್ಲಿ. ಹುಡುಗನ ಕೈಚಳಕ ಮೆಚ್ಚಿದ ಡ್ರಾಯಿಂಗ್ ಮೇಷ್ಟ್ರು ಯೋಶಿದಾ ಕಸಾಬುರೋ ಅವನನ್ನು ದತ್ತು ತೆಗೆದುಕೊಂಡರು. ಯೋಶಿದಾ ಎಂಬ ಮನೆತನದ ಹೆಸರು ಬಂದದ್ದು ಹಾಗೆ. 1899ರಲ್ಲಿ ಅವರು ಗೆಳೆಯ ನಕಾಗಾವಾ ಹಚಿರೋ ಜೊತೆ ಜಲವರ್ಣ ಚಿತ್ರಗಳ ಕಟ್ಟು ಹೊತ್ತು ಅಮೆರಿಕದ ಹಡಗು ಹತ್ತಿದರು. ಬಂದು ಸೇರಿದ್ದು ಎಲ್ಲಿಗೆ ಅಂದುಕೊಂಡಿರಿ? ನಮ್ಮ ಡೆಟ್ರಾಯಿಟ್‌ಗೆ! ಇಲ್ಲಿನ ಕಲಾ ಮ್ಯೂಸಿಯಂ ಅವರ ಪ್ರದರ್ಶನ ಏರ್ಪಡಿಸಿತು, ಚಿತ್ರಗಳು ಚೆನ್ನಾಗಿ ಮಾರಾಟವೂ ಆದವು.

ಮರದಚ್ಚಿನ ಕೆಲಸಕ್ಕೆ ಅವರು ಕೈಹಾಕಿದ್ದು ತಡವಾಗಿ, ನಲವತ್ತು ದಾಟಿದ ಮೇಲೆ. 1920ರ ಸುಮಾರಿಗೆ ಟೋಕಿಯೋದ ಪ್ರಕಾಶಕ ವತನಾಬೆ ಶೋಝಾಬುರೋ ಅವರಿಗಾಗಿ ಚಿತ್ರ ಬರೆದುಕೊಟ್ಟರು. 1923ರ ಮಹಾಭೂಕಂಪದ ಬೆಂಕಿಯಲ್ಲಿ ಆ ಅಚ್ಚುಹಲಗೆಗಳು ಸುಟ್ಟುಹೋದವು. ಸಂಕಷ್ಟದಲ್ಲಿದ್ದ ಕಲಾವಿದರ ಚಿತ್ರಗಳನ್ನು ಮಾರಲು ಮತ್ತೆ ಅಮೆರಿಕಕ್ಕೆ ಬಂದಾಗ, ಇಲ್ಲಿನ ಜನ ತೈಲಚಿತ್ರಗಳಿಗಿಂತ ಜಪಾನಿನ ಅಚ್ಚುಚಿತ್ರಗಳನ್ನೇ ಹುಡುಕುವುದು ಅವರ ಕಣ್ಣಿಗೆ ಬಿತ್ತು. 1925ರಲ್ಲಿ ಊರಿಗೆ ಮರಳಿ ತಮ್ಮದೇ ಕಾರ್ಯಾಗಾರ ತೆರೆದರು.

ಅಚ್ಚುಚಿತ್ರ ಎಂದರೆ ಏನು? ಬೆಂಡೆಕಾಯಿ ಅಡ್ಡ ಕತ್ತರಿಸಿ, ಶಾಯಿಯಲ್ಲಿ ಅದ್ದಿ, ನೋಟ್‌ಬುಕ್ಕಿನ ತುಂಬ ಹೂ ಮೂಡಿಸಿ ಬೈಸಿಕೊಂಡ ಅಪ್ಪ ಅಮ್ಮಂದಿರಿಗೆ ಮೂಲತತ್ವ ಗೊತ್ತೇ ಇದೆ. ಆದರೆ ಇಲ್ಲಿ ಬೆಂಡೆಕಾಯಿಯ ಬದಲು ಚೆರಿ ಮರದ ಹಲಗೆ. ಚಿತ್ರವನ್ನು ಎಡಬಲ ತಿರುಗಿಸಿ ಅಂಟಿಸಿ, ಗೆರೆಗಳನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಬಣ್ಣಗಳಿಗೆ ಬೇರೆ ಬೇರೆ ಹಲಗೆಗಳು ಬೇಕು. ಹಲಗೆಗೆ ನೀರಿನ ಬಣ್ಣ ಬಳಿದು, ಒದ್ದೆ ಮಾಡಿದ ಕೈಕಾಗದ ಹಾಸಿ, ಬಿದಿರಿನ ಹೊದಿಕೆಯ ‘ಬಾರೆನ್’ ಎಂಬ ದುಂಡನೆಯ ಬಿಲ್ಲೆಯಿಂದ ಬೆನ್ನಿಗೆ ಉಜ್ಜುತ್ತಾರೆ. ಕಾಗದ ಪ್ರತಿ ಸಲವೂ ಅದೇ ಜಾಗದಲ್ಲಿ ಕೂರಲೆಂದು ಹಲಗೆಯ ಅಂಚಿನಲ್ಲಿ ‘ಕೆಂತೋ’ ಎಂಬ ಕಚ್ಚು ಮಾಡಿರುತ್ತಾರೆ. ಒಂದು ಕೂದಲೆಳೆ ಸರಿದರೂ ಹಿಂದಿನ ಶ್ರಮವೆಲ್ಲ ವ್ಯರ್ಥ. ನಿಕ್ಕೋ ಊರಿನ ಯೋಮೇ ಮಹಾದ್ವಾರದ ಚಿತ್ರಕ್ಕೆ ಯೋಶಿದಾ 96 ಸಲ ಅಚ್ಚು ಹಾಕಿಸಿದರು!

ಮೊದಲೆಲ್ಲ ಬರೆಯುವವರು, ಕೆತ್ತುವವರು, ಅಚ್ಚು ಹಾಕುವವರು ಬೇರೆ ಬೇರೆ. ಹಣ ಹಾಕುವ ಪ್ರಕಾಶಕನೇ ಯಜಮಾನ. ಯೋಶಿದಾ ಕುಶಲಕರ್ಮಿಗಳನ್ನು ತಮ್ಮಲ್ಲೇ ಇಟ್ಟುಕೊಂಡು ಪ್ರತಿ ಹಂತಕ್ಕೂ ಎದುರು ನಿಂತರು. ಅವರು ಒಪ್ಪಿದ ಪ್ರತಿಯ ಅಂಚಿನಲ್ಲಿ ‘ಜಿಝುರಿ’ ಎಂಬ ಮುದ್ರೆ ಬೀಳುತ್ತಿತ್ತು. ಇಂದಿಗೂ ಸಂಗ್ರಾಹಕರು ಮೊದಲು ಹುಡುಕುವುದು ಆ ಮುದ್ರೆಯನ್ನೇ.

ಬೆಟ್ಟ ಹತ್ತುವುದೆಂದರೆ ಅವರಿಗೆ ಪ್ರಾಣ. ಕಿರಿಯ ಮಗನಿಗೆ ಹೊದಾಕಾ ಎಂಬ ಪರ್ವತದ ಹೆಸರನ್ನೇ ಇಟ್ಟರು. ರಜೆಯಲ್ಲಿ ನಮ್ಮ ಮಕ್ಕಳು ಕಂಡು ಬರುವ ಗ್ರ್ಯಾಂಡ್ ಕ್ಯಾನಿಯನ್, ಎಲ್ ಕ್ಯಾಪಿಟನ್, ಮೌಂಟ್ ರೇನಿಯರ್ ಮೂರನ್ನೂ ಅವರು ಅಚ್ಚಿಗಿಳಿಸಿದ್ದಾರೆ. 1926ರ ಹಾಯಿದೋಣಿ ಚಿತ್ರಗಳದು ಇನ್ನೊಂದು ಸೊಗಸು: ಅದೇ ಹಲಗೆಗಳು, ಬಣ್ಣ ಮಾತ್ರ ಬೇರೆ. ಒಂದರಲ್ಲಿ ಬೆಳಗು, ಇನ್ನೊಂದರಲ್ಲಿ ಮಂಜು, ಮತ್ತೊಂದರಲ್ಲಿ ರಾತ್ರಿ.

1930ರ ಕೊನೆಗೆ ಹಿರಿಯ ಮಗ ತೋಶಿಯನ್ನು ಕರೆದುಕೊಂಡು ಭಾರತಕ್ಕೆ ಹೊರಟರು. ಕಾಂಚನಗಂಗಾ, ಹಗಲಿನ ಮತ್ತು ಇರುಳಿನ ತಾಜಮಹಲ್, ಉದಯಪುರದ ಸರೋವರ, ಅಮೃತಸರದ ಸ್ವರ್ಣಮಂದಿರ, ಮಧುರೆಯ ದೇವಾಲಯ, ಅಜಂತಾ, ಎಲ್ಲೋರಾ ಎಲ್ಲವೂ ಅವರ ಹಲಗೆಗೆ ಬಂದವು.

ಎಲ್ಲೋರಾ ಎಂದಾಗ ಕನ್ನಡದ ಮನೆಗಳಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿನ ಕೈಲಾಸ ದೇಗುಲವನ್ನು 8ನೇ ಶತಮಾನದಲ್ಲಿ, ಇಡೀ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಕೆತ್ತಿಸಿದ ಕೀರ್ತಿ ರಾಷ್ಟ್ರಕೂಟರ ಒಂದನೇ ಕೃಷ್ಣನದು. ಕನ್ನಡ ತರಗತಿಯಲ್ಲಿ ಮಕ್ಕಳು ‘ಕವಿರಾಜಮಾರ್ಗ’ದ ಜೊತೆಗೆ ಓದುತ್ತಾರಲ್ಲ, ಆ ನೃಪತುಂಗನಿಗೆ ಇವನು ಮುತ್ತಜ್ಜ. ನೃಪತುಂಗನ ರಾಜಧಾನಿ ಮಳಖೇಡ ಇರುವುದು ನಮ್ಮ ಕಲಬುರಗಿ ಜಿಲ್ಲೆಯಲ್ಲಿ. ಇಷ್ಟನ್ನು ನಾವು ಹೇಳದಿದ್ದರೆ ಇಲ್ಲಿನ ಯಾವ ಶಾಲೆಯೂ ನಮ್ಮ ಮಕ್ಕಳಿಗೆ ಹೇಳಿಕೊಡುವುದಿಲ್ಲ.

ಯೋಶಿದಾ 1950ರಲ್ಲಿ ತೀರಿಕೊಂಡರು. 1930ರಲ್ಲಿ ಅವರ ಚಿತ್ರಗಳೂ ಸೇರಿದ್ದ ದೊಡ್ಡ ಜಪಾನಿ ಪ್ರದರ್ಶನ ನಡೆಸಿದ ಟೊಲೀಡೊ ಆರ್ಟ್ ಮ್ಯೂಸಿಯಂ ನಮಗೆ ಸುಮಾರು ಒಂದು ಗಂಟೆಯ ದಾರಿ; ಅಲ್ಲಿ ಅವರ ಅಚ್ಚುಚಿತ್ರಗಳಿವೆ. ಬಣ್ಣ ಬೆಳಕಿಗೆ ಮಾಸುವುದರಿಂದ ಅವನ್ನು ಸದಾ ಗೋಡೆಗೆ ಹಾಕಿರುವುದಿಲ್ಲ. ಮೊದಲೇ ವಿಚಾರಿಸಿಕೊಂಡು, ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಹೋಗಿ ಬನ್ನಿ.