ಕೊಳವೆಯಲ್ಲಡಗಿದ್ದ ಸತ್ಕಾರ್ಯ

ಇಟಲಿಯ ಉತ್ತರ ಭಾಗದಲ್ಲಿ, ಕೋಮೋ ಸರೋವರದ ಮೇಲಣ ಬೆಟ್ಟದಲ್ಲಿ, ಗಿಸಾಲ್ಲೊ ಮಾತೆಯ ಪುಟ್ಟ ಪ್ರಾರ್ಥನಾಲಯವೊಂದಿದೆ. ಒಳಹೊಕ್ಕ ಯಾತ್ರಿಕನ ಕಣ್ಣಿಗೆ ಬೀಳುವುದು ಬರೇ ಮೇಣದ ಬತ್ತಿಗಳಲ್ಲ. ಗೋಡೆಗಳ ಮೇಲೆ ಸಾಲಾಗಿ ತೂಗುಹಾಕಿರುವ ಸೈಕಲ್ಲುಗಳು. 1949ರ ಅಕ್ಟೋಬರ್ 13ರಂದು ಪೋಪ್ 12ನೆಯ ಪಿಯುಸ್ ಅವರು ಈ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಸಾರಿದರು. ಅಲ್ಲಿರುವ ಸೈಕಲ್ಲುಗಳಲ್ಲಿ ಜೀನೋ ಬಾರ್ತಾಲಿಯವರು ತುಳಿದದ್ದೂ ಒಂದು. ಜಗತ್ತು ಅವರನ್ನು ಬಹುಕಾಲ ಓಟಗಾರರೆಂದಷ್ಟೇ ಬಲ್ಲುದಾಗಿತ್ತು.

ಬಾರ್ತಾಲಿಯವರು 1914ರ ಜುಲೈ 18ರಂದು ಫ್ಲಾರೆನ್ಸ್ ನಗರದ ಬಳಿಯ ಪೊಂತೆ ಆ ಏಮಾ ಎಂಬ ಊರಿನ ಬಡ ಕುಟುಂಬದಲ್ಲಿ ಜನಿಸಿದರು. ತಂದೆ ಕೂಲಿ ಕೆಲಸಗಾರ. ಹುಡುಗನಾಗಿದ್ದಾಗಲೇ ಊರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ದುಡಿಯತೊಡಗಿದರು. ಚಕ್ರದ ಡೊಂಕು ತೆಗೆಯುವುದು, ಬೇರಿಂಗಿನ ಗುಂಡುಗಳನ್ನು ತೊಳೆದು ಗ್ರೀಸು ಹಚ್ಚುವುದು, ಚೈನು ಬಿಗಿಯುವುದು ಇವೆಲ್ಲ ಅವರಿಗೆ ಓಟಕ್ಕಿಂತ ಮೊದಲೇ ಕೈವಶವಾದ ವಿದ್ಯೆಗಳು. ಮುಂದೆ ಪ್ರಾಣಾಪಾಯದ ಕಾಲದಲ್ಲಿ ಸೈಕಲ್ಲಿನ ಒಳಹೊರಗನ್ನು ಬಲ್ಲ ಈ ಕೈಗಳೇ ನೆರವಿಗೆ ಬಂದವು.

1936ರಲ್ಲಿ ಅವರು ಲೆನ್ಯಾನೊ ಕಂಪೆನಿಯ ತಂಡವನ್ನು ಸೇರಿ ಇಟಲಿಯ ಮಹಾಓಟವಾದ ಜೀರೋವನ್ನು ಗೆದ್ದರು. ಆ ಹರ್ಷ ಆರುವ ಮೊದಲೇ, ಕೆಲವೇ ದಿನಗಳಲ್ಲಿ, ತಮ್ಮ ಜೂಲಿಯೊ ಓಟವೊಂದರಲ್ಲಿ ಕಾರಿಗೆ ಡಿಕ್ಕಿಯಾಗಿ ಗಾಯಗೊಂಡು ತೀರಿಹೋದರು. ಶೋಕದಲ್ಲಿ ಮುಳುಗಿದ ಅಣ್ಣ ಸೈಕಲ್ಲನ್ನೇ ತ್ಯಜಿಸಲು ಮುಂದಾದರು. ಬಾಲ್ಯದಿಂದಲೇ ಕಥೋಲಿಕ ಕ್ರಿಯಾ ಸಂಘದ ಸದಸ್ಯರಾಗಿದ್ದ ಅವರು ಬಳಿಕ ಕಾರ್ಮೆಲ್ ಸಭೆಯ ಗೃಹಸ್ಥ ಶಾಖೆಯನ್ನು ಸೇರಿದರು. ಲಿಸಿಯೆಯ ಸಂತ ತೆರೇಸಾರ ಪರಮ ಭಕ್ತರಾದರು. 1937ರಲ್ಲಿ ಮತ್ತೆ ಜೀರೋ, 1938ರಲ್ಲಿ ಫ್ರಾನ್ಸಿನ ಪ್ರವಾಸ ಓಟವಾದ ತೂರ್ ಅವರ ವಶವಾಯಿತು. 1940ರಲ್ಲಿ ಫ್ಲಾರೆನ್ಸಿನ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಅವರು ಬಾರ್ತಾಲಿ ಮತ್ತು ಆದ್ರಿಯಾನಾ ಅವರ ವಿವಾಹವನ್ನು ನೆರವೇರಿಸಿದರು.

ಆ ಕಾಲದ ಲೆನ್ಯಾನೊ ಸೈಕಲ್ಲನ್ನು ಇಂದು ಜೀರ್ಣೋದ್ಧಾರ ಮಾಡುವವರು ಇಟಲಿಯಲ್ಲಿ ಅನೇಕರಿದ್ದಾರೆ. ಹಳದಿ ಬೆರೆತ ಹಸಿರು ಬಣ್ಣ, ಮುಂಭಾಗದಲ್ಲಿ ಕತ್ತಿ ಎತ್ತಿ ನಿಂತ ಯೋಧನ ಲಾಂಛನ, ಸಂದುಗಳಲ್ಲಿ ಬೆಸುಗೆ ಹಾಕಿದ ತೆಳು ಉಕ್ಕಿನ ಕೊಳವೆಗಳು ಅದರ ಗುರುತು. ನುರಿತ ಕುಶಲಕರ್ಮಿ ಅದಕ್ಕೆ ಹೊಸ ಬಣ್ಣ ಬಳಿಯಲು ಆತುರಪಡುವುದಿಲ್ಲ. ಹಳೆಯ ಬಣ್ಣ ಉಳಿದಷ್ಟನ್ನು ಒರೆಸಿ, ತುಕ್ಕನ್ನಷ್ಟೇ ತೆಗೆದು, ಗೀರುಗಳನ್ನು ಹಾಗೆಯೇ ಬಿಡುತ್ತಾನೆ. ಏಕೆಂದರೆ ಆ ಗೀರುಗಳೇ ಅದರ ಚರಿತ್ರೆ. ಸೀಟಿನ ಕಂಬ ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯುತ್ತಾನೆ. ಕೊನೆಗೆ ಕಂಬ ಮೇಲೆದ್ದು ಬಂದಾಗ ಕೆಳಗೆ ಕಾಣುವುದು ಬರಿದಾದ, ಕತ್ತಲು ತುಂಬಿದ ಕೊಳವೆ.

ಅಂಥ ಒಂದು ಕೊಳವೆಯ ಬರಿದಿನಲ್ಲೇ ಒಮ್ಮೆ ಮನುಷ್ಯರ ಪ್ರಾಣಗಳು ಅಡಗಿದ್ದವು. 1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿದಾಗ ಯೆಹೂದಿಯರ ಬೇಟೆ ಆರಂಭವಾಯಿತು. ಕಾರ್ಡಿನಲ್ ದಲ್ಲಾ ಕೋಸ್ತಾ ಅವರು ಫ್ಲಾರೆನ್ಸಿನ ಯೆಹೂದಿ ಧರ್ಮಗುರು ನಾಥನ್ ಕಸ್ಸೂತೊ ಅವರೊಂದಿಗೆ ಕೂಡಿ ರಕ್ಷಣಾ ಜಾಲವೊಂದನ್ನು ಹೆಣೆದರು. ಮಠಗಳೂ ಕಾನ್ವೆಂಟುಗಳೂ ಬಾಗಿಲು ತೆರೆದವು. ಆದರೆ ಅಡಗಿದವರಿಗೆ ಬೇರೆ ಹೆಸರಿನ ಗುರುತು ಪತ್ರಗಳು ಬೇಕಾಗಿದ್ದವು. ಅವುಗಳನ್ನು ಒಯ್ಯುವವರು ಬೇಕಾಗಿದ್ದರು. ಕಾರ್ಡಿನಲರ ಕೋರಿಕೆಗೆ ಬಾರ್ತಾಲಿಯವರು ಒಪ್ಪಿದರು. ಆಗ ಅವರು ಪತ್ನಿ ಹಾಗೂ ಎಳೆಯ ಮಗನುಳ್ಳ ಗೃಹಸ್ಥರು. ಸಿಕ್ಕಿಬಿದ್ದರೆ ಮರಣವೇ ಗತಿಯಾಗಬಹುದಿತ್ತು.

ಭಾವಚಿತ್ರಗಳನ್ನೂ ಸುಳ್ಳು ಪತ್ರಗಳನ್ನೂ ಸುರುಳಿ ಸುತ್ತಿ ಸೈಕಲ್ಲಿನ ಫ್ರೇಮಿನೊಳಗೆ ತುರುಕಿ, ಸೀಟನ್ನು ಮತ್ತೆ ಬಿಗಿದು ಅವರು ಹೊರಡುತ್ತಿದ್ದರು. ದೂರದೂರದವರೆಗೆ ಸೈಕಲ್ ತುಳಿಯುವ ಓಟಗಾರನನ್ನು ಕಂಡು ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ಅಭ್ಯಾಸವೆಂಬ ನೆಪ ಸಾಕಾಗುತ್ತಿತ್ತು. ಇದಲ್ಲದೆ ಯೆಹೂದಿ ಕುಟುಂಬವೊಂದಕ್ಕೆ ಫ್ಲಾರೆನ್ಸಿನಲ್ಲಿ ಆಶ್ರಯವಿತ್ತು ಕಾಪಾಡಿದರು. ಫ್ಯಾಸಿಸ್ಟ್ ಪೊಲೀಸರ ವಿಚಾರಣೆಗೆ ಗುರಿಯಾದಾಗಲೂ ಬಾಯಿ ಬಿಡಲಿಲ್ಲ. ಅಸ್ಸೀಸಿಯವರೆಗಿನ ಪ್ರಯಾಣಗಳೇ ಮೊದಲಾದ ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಆದರೆ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆಯು 2013ರಲ್ಲಿ, ಪರೀಕ್ಷೆಯ ಬಳಿಕ, ಅವರನ್ನು ಜನಾಂಗಗಳ ನಡುವಣ ನೀತಿವಂತರ ಸಾಲಿಗೆ ಸೇರಿಸಿತು. ಕಾರ್ಡಿನಲರಿಗೆ ಆ ಗೌರವ 2012ರಲ್ಲೇ ಸಂದಿತ್ತು.

ಯುದ್ಧ ಮುಗಿದಾಗ ಯೌವನದ ಅತ್ಯುತ್ತಮ ವರ್ಷಗಳು ಕಳೆದುಹೋಗಿದ್ದವು. ಆದರೂ 1946ರಲ್ಲಿ ಅವರು ಮೂರನೆಯ ಬಾರಿ ಜೀರೋ ಗೆದ್ದರು. 1948ರ ತೂರ್ ಓಟದಲ್ಲಿ, ಜುಲೈ 14ರಂದು ಅವರು ಮುಂದಿದ್ದವರಿಗಿಂತ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಂದುಳಿದಿದ್ದರು. ಅದೇ ದಿನ ರೋಮ್ ನಗರದಲ್ಲಿ ಕಮ್ಯೂನಿಸ್ಟ್ ನಾಯಕ ತೊಲ್ಯಾತ್ತಿಯವರ ಮೇಲೆ ಗುಂಡಿನ ದಾಳಿ ನಡೆದು ದೇಶ ಉದ್ವಿಗ್ನವಾಯಿತು. ಪ್ರಧಾನಿ ದೆ ಗಾಸ್ಪೆರಿಯವರು ಫೋನು ಮಾಡಿ ಗೆಲುವನ್ನು ಕೋರಿದರೆಂದು ಬಾರ್ತಾಲಿಯವರೇ ನೆನೆಯುತ್ತಿದ್ದರು. ಮರುದಿನದಿಂದ ಆಲ್ಪ್ಸ್ ಪರ್ವತಗಳಲ್ಲಿ ಸತತವಾಗಿ ಮೂರು ಹಂತಗಳನ್ನು ಗೆದ್ದು, ಕೊನೆಗೆ 26 ನಿಮಿಷಗಳ ಅಂತರದಿಂದ ಓಟವನ್ನೇ ಗೆದ್ದರು. ಅಂತರ್ಯುದ್ಧವನ್ನು ತಡೆದದ್ದು ಈ ಗೆಲುವೇ ಎನ್ನುವುದು ಅತಿಶಯೋಕ್ತಿ. ಆದರೆ ಕಂಗೆಟ್ಟ ಜನತೆಗೆ ಅದು ಒಂದಾಗಿ ಹರ್ಷಿಸುವ ಅವಕಾಶವನ್ನಿತ್ತಿತು.

ಆಗ ಅವರ ಸೈಕಲ್ಲಿನಲ್ಲಿದ್ದ ಕಂಪನ್ಯೋಲೊ ಗೇರನ್ನು ಕಂಡರೆ ಇಂದಿನ ತರುಣರು ಬೆರಗಾಗುವರು. ಹಿಂಬದಿಯ ಚಕ್ರದ ಮೇಲಣ ಕೊಳವೆಯಲ್ಲಿ ಎರಡು ಸರಳುಗಳು. ಸವಾರನು ಓಡುತ್ತಿರುವಾಗಲೇ ಕೈಯನ್ನು ಹಿಂದೆ ಚಾಚಿ ಒಂದರಿಂದ ಚಕ್ರವನ್ನು ಸಡಿಲಿಸಬೇಕು. ಪೆಡಲನ್ನು ಹಿಂದಕ್ಕೆ ತುಳಿಯುತ್ತ ಇನ್ನೊಂದರಿಂದ ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸಬೇಕು. ಆಮೇಲೆ ಚಕ್ರವನ್ನು ಮರಳಿ ಬಿಗಿಯಬೇಕು. ಬೆಟ್ಟದ ದಾರಿಯಲ್ಲಿ ಇದಕ್ಕೆ ಬಲದಷ್ಟೇ ಮನಸ್ಸಿನ ಸ್ತಿಮಿತವೂ ಬೇಕು.

ಬಾರ್ತಾಲಿಯವರು 2000ದ ಮೇ 5ರಂದು, 85ರ ಪ್ರಾಯದಲ್ಲಿ, ಫ್ಲಾರೆನ್ಸಿನಲ್ಲಿ ನಿಧನರಾದರು. ಗೆಲುವುಗಳ ಕುರಿತು ಧಾರಾಳವಾಗಿ ಮಾತನಾಡುತ್ತಿದ್ದ ಅವರು ಯುದ್ಧಕಾಲದ ಸೇವೆಯನ್ನು ಎಲ್ಲೂ ಸಾರಲಿಲ್ಲ. ಮಗ ಆಂದ್ರೆಯಾರಿಗೆ ಅಲ್ಪಸ್ವಲ್ಪ ತಿಳಿಸಿದಾಗಲೂ ಬಹಿರಂಗಪಡಿಸಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಬಲಗೈ ಮಾಡಿದ ದಾನ ಎಡಗೈಗೆ ತಿಳಿಯಬಾರದೆಂಬ ಶುಭಸಂದೇಶದ ಬೋಧೆಯನ್ನು ಅವರು ಅಕ್ಷರಶಃ ಬಾಳಿದರು.

ಅವರ ತವರಾದ ತೊಸ್ಕಾನಾ ಪ್ರಾಂತ್ಯದಲ್ಲಿ 1997ರಿಂದ ಹಳೆಯ ಸೈಕಲ್ಲುಗಳ ಸವಾರಿಯೊಂದು ಮಣ್ಣಿನ ದಾರಿಗಳಲ್ಲಿ ನಡೆಯುತ್ತ ಬಂದಿದೆ. ಉಜ್ಜಿ ಹೊಳಪಿಸಿದ ಉಕ್ಕಿನ ಚೆಲುವನ್ನು ಮೆಚ್ಚಲು ಜನ ನೆರೆಯುತ್ತಾರೆ. ಮೆಚ್ಚತಕ್ಕದ್ದೇ. ಆದರೆ ಬಾರ್ತಾಲಿಯವರ ಸೈಕಲ್ಲಿನ ಬೆಲೆ ಹೊರಗಿನ ಹೊಳಪಿನಲ್ಲಿರಲಿಲ್ಲ. ಯಾರೂ ಇಣುಕಿ ನೋಡದ ಒಳಗಿನಲ್ಲಿತ್ತು. ನಮ್ಮ ಮನೆಗಳ ಹಿರಿಯರಲ್ಲೂ ಹೀಗೆ ಸದ್ದಿಲ್ಲದೆ ಉಪಕರಿಸಿ ಹೋದವರುಂಟು. ಅವರನ್ನು ನೆನೆಯುವಾಗ ನಮ್ಮ ಮಕ್ಕಳಿಗೆ ಈ ಸೈಕಲ್ ಸವಾರನ ಕಥೆಯನ್ನೂ ಹೇಳೋಣ.