ಸೂಕ್ಷ್ಮದರ್ಶಕವನ್ನು ವಿದ್ಯಾರ್ಥಿಯ ಕೈಗಿತ್ತ ಬೆಸ್ಸಿ

ನಿಮ್ಮಲ್ಲಿ ಬಿ.ಎಸ್ಸಿ.ಗೆ ಸಸ್ಯಶಾಸ್ತ್ರ ತೆಗೆದುಕೊಂಡವರು ಬೆಸ್ಸಿಯವರ ಹೆಸರನ್ನು ಹೂಬಿಡುವ ಸಸ್ಯಗಳ ವರ್ಗೀಕರಣದ ಪಾಠದಲ್ಲಿ ಕೇಳಿರುತ್ತೀರಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವರು ಮೊದಲು ಒಬ್ಬ ಮೇಷ್ಟ್ರು. ಆ ಕಥೆಯನ್ನು ನಿಮಗೆ ಹೇಳಬೇಕು.

ಚಾರ್ಲ್ಸ್ ಎಡ್ವಿನ್ ಬೆಸ್ಸಿ 1845ರ ಮೇ 21ರಂದು ಅಮೆರಿಕದ ಒಹಾಯೊ ರಾಜ್ಯದ ಹಳ್ಳಿಗಾಡಿನಲ್ಲಿ ಹುಟ್ಟಿದರು. ತಂದೆ ಶಾಲಾ ಶಿಕ್ಷಕರು. 1869ರಲ್ಲಿ ಮಿಷಿಗನ್ ಕೃಷಿ ಕಾಲೇಜಿನಿಂದ ಪದವಿ ಪಡೆದು, ಮರುವರ್ಷ ಅಯೋವಾ ಕೃಷಿ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಹುಲ್ಲುಗಾವಲಿನ ನಡುವೆ ಆಗತಾನೇ ತೆರೆದಿದ್ದ ಕಾಲೇಜು ಅದು.

ಆ ಕಾಲದಲ್ಲಿ ಸಸ್ಯಶಾಸ್ತ್ರವೆಂದರೆ ಬಹುಮಟ್ಟಿಗೆ ದಳ, ಕೇಸರಗಳನ್ನು ಎಣಿಸಿ ಗಿಡದ ಹೆಸರು ಹುಡುಕುವುದು. ರೈತರ ಮಕ್ಕಳಿಗೆ ಇದರಿಂದೇನು ಪ್ರಯೋಜನ? ಪೈರಿಗೆ ತುಕ್ಕುರೋಗ ತರುವ ಶಿಲೀಂಧ್ರದ ಬೀಜಕಗಳು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣವು. ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಅದೂ ಮೇಷ್ಟ್ರ ಮೇಜಿನ ಮೇಲೆ ಒಂದಿದ್ದರೆ ಸಾಲದು, ವಿದ್ಯಾರ್ಥಿಯೇ ಕಾಂಡವನ್ನು ತೆಳ್ಳಗೆ ಸೀಳಿ, ಗಾಜಿನ ಪಟ್ಟಿಯ ಮೇಲಿಟ್ಟು, ನೋಡಿ, ಕಂಡದ್ದನ್ನು ಬರೆಯಬೇಕು.

ಉಪಕರಣ ಬಂದರೂ ಅದನ್ನು ಪಾಠಕ್ಕೆ ಒದಗಿಸುವ ಬಗೆ ಗೊತ್ತಿರಬೇಕಲ್ಲ! (ಬೀರುವಿನಲ್ಲೇ ಬೀಗ ಬಿದ್ದಿರುವ ಸೂಕ್ಷ್ಮದರ್ಶಕಗಳನ್ನು ನಾವೆಲ್ಲ ಕಂಡವರೇ.) ಬೆಸ್ಸಿ ಸಂಕೋಚಪಡಲಿಲ್ಲ. ಅಧ್ಯಾಪಕರಾಗಿದ್ದೂ ಚಳಿಗಾಲದ ರಜೆಯಲ್ಲಿ ದೂರದ ಹಾರ್ವರ್ಡ್‌ಗೆ ಹೋಗಿ, ಆ ದೇಶದ ಹಿರಿಯ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಅವರ ಬಳಿ ವಿದ್ಯಾರ್ಥಿಯಾಗಿ ಕುಳಿತರು. ಮೊದಲು 1872ರಲ್ಲಿ, ಮತ್ತೆ 1875ರಲ್ಲಿ. ಹಾಗೆ ಕಲಿತು ಬಂದು ಅಯೋವಾದಲ್ಲಿ ಸೂಕ್ಷ್ಮದರ್ಶಕಗಳ ಪ್ರಯೋಗಾಲಯವನ್ನು ನಡೆಸಿದರು. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ತೆರೆದ ಮೊದಮೊದಲ ಸಸ್ಯಶಾಸ್ತ್ರ ಪ್ರಯೋಗಾಲಯಗಳಲ್ಲಿ ಅದೂ ಒಂದು.

ಇನ್ನು ಪಠ್ಯಪುಸ್ತಕದ ಕೊರತೆ. ಜರ್ಮನಿಯ ಜೂಲಿಯಸ್ ಸಾಕ್ಸ್ ಅವರ ಗ್ರಂಥವನ್ನು ಮಾದರಿಯಾಗಿಟ್ಟುಕೊಂಡು ಪ್ರೌಢಶಾಲೆ ಮತ್ತು ಕಾಲೇಜುಗಳಿಗೆಂದು 1880ರಲ್ಲಿ ತಾವೇ ಒಂದು ಪುಸ್ತಕ ಹೊರತಂದರು. ಕೋಶ, ಅಂಗಾಂಶ, ಶೈವಲ, ಶಿಲೀಂಧ್ರಗಳಿಗೆ ಅದರಲ್ಲಿ ಸ್ಥಾನ ಸಿಕ್ಕಿತು. ನನ್ನ ಅಭಿಪ್ರಾಯದಲ್ಲಿ, ವರ್ಗೀಕರಣಕ್ಕಿಂತ ಇದೇ ಅವರ ದೊಡ್ಡ ಕೆಲಸ.

1884ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯಕ್ಕೆ ಹೋದರು. ಪರಿಸರ ವಿಜ್ಞಾನದಲ್ಲಿ ಹೆಸರಾದ ಫ್ರೆಡೆರಿಕ್ ಕ್ಲೆಮೆಂಟ್ಸ್ ಅಲ್ಲಿ ಅವರ ಶಿಷ್ಯ. ಮುಂದೆ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ರಾಸ್ಕೊ ಪೌಂಡ್ ಕೂಡ ಅವರಲ್ಲಿ ಸಸ್ಯಶಾಸ್ತ್ರ ಕಲಿತವರೇ!

ಆ ರಾಜ್ಯದ ಮರಳುದಿಬ್ಬಗಳಲ್ಲೂ ಮರ ಬೆಳೆಯುತ್ತದೆಂದು ಬೆಸ್ಸಿ ಹಟ ಹಿಡಿದಿದ್ದರು. 1891ರಲ್ಲಿ ಪ್ರಯೋಗಕ್ಕೆಂದು ನೆಟ್ಟ ಪೈನ್ ಸಸಿಗಳು ಹತ್ತು ವರ್ಷಗಳ ಬಳಿಕ ನೋಡಿದಾಗ ಮರಗಳಾಗಿದ್ದವು. 1902ರಲ್ಲಿ ಸರ್ಕಾರ ಅಲ್ಲಿ ಅರಣ್ಯ ಬೆಳೆಸಲು ಭೂಮಿ ಮೀಸಲಿಟ್ಟಿತು. 1915ರ ಫೆಬ್ರವರಿ 25ರಂದು ಬೆಸ್ಸಿ ತೀರಿಕೊಂಡರು. ಆ ಅರಣ್ಯದ ಸಸ್ಯಕ್ಷೇತ್ರಕ್ಕೆ ಅವರದೇ ಹೆಸರಿದೆ.